ಎಡವೋ ಬಲವೋ: ಅನ್ಯಲೋಕದವರಿಗೆ ನನ್ನ ಮೊದಲ ಪ್ರಶ್ನೆ

ರೇಡಿಯೋ ಖಗೋಳ ವಿಜ್ಞಾನದ ಬಗ್ಗೆ ಎಲ್ಲೇ ಮಾತನಾಡಲಿ, ಕೊನೆಗೆ ಒಬ್ಬರಾದರೂ ಎದ್ದು ಕೇಳುತ್ತಾರೆ: "ಅನ್ಯಲೋಕದವರು ಸಿಕ್ಕರೆ ಅವರನ್ನು ಏನು ಕೇಳ್ತೀರಿ?" ಕ್ಯಾನ್ಸರಿಗೆ ಮದ್ದು ಕೇಳಿ ಅನ್ನುವವರೇ ಹೆಚ್ಚು. ಆ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಅವರ ಮದ್ದು ಅವರ ಮೈಗೆ ಒಗ್ಗುವಂಥದ್ದು; ನಮ್ಮ ಜೀವಕೋಶವನ್ನು ಅವರು ಕಂಡೇ ಇಲ್ಲ.

ಇನ್ನೊಂದು ತೊಡಕು ಕಾಲದ್ದು. ಸೂರ್ಯನನ್ನು ಬಿಟ್ಟರೆ ನಮಗೆ ತೀರಾ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ 4.24 ಜ್ಯೋತಿರ್ವರ್ಷ ದೂರದಲ್ಲಿದೆ. ಅಲ್ಲಿಗೆ ಕೇಳಿದರೂ ಉತ್ತರಕ್ಕೆ ಎಂಟೂವರೆ ವರ್ಷ ಕಾಯಬೇಕು. 1974ರಲ್ಲಿ ಪೋರ್ಟೊ ರಿಕೊದ ಅರೆಸಿಬೋ ರೇಡಿಯೋ ದೂರದರ್ಶಕದಿಂದ ಎಂ13 ತಾರಾಗುಚ್ಛದತ್ತ ಹೋದ ಸಂದೇಶಕ್ಕೆ ಮಾರುತ್ತರ ಬರಲು ಸುಮಾರು 50,000 ವರ್ಷ ಬೇಕು. ಅಷ್ಟು ದೂರಕ್ಕೆ ಕಳಿಸಿದ್ದು ಬರೀ 1,679 ಬಿಟ್. ಹಾಗಾಗಿ ಪ್ರಶ್ನೆ ಚಿಕ್ಕದಿರಬೇಕು, ಉತ್ತರ ಇನ್ನೂ ಚಿಕ್ಕದಿರಬೇಕು, ಯಾವಾಗ ಬಂದರೂ ಅದು ಹಳಸಿರಬಾರದು.

ನಾನು ಕೇಳುವುದು ಇಷ್ಟೇ: ನಿಮ್ಮ ಅಣುಗಳು ಎಡಗೈಯವೋ, ಬಲಗೈಯವೋ?

ಪ್ರೋಟೀನು ಕಟ್ಟುವ ಅಮೈನೋ ಆಮ್ಲಗಳಲ್ಲಿ ಬಹುತೇಕ ಎಲ್ಲಕ್ಕೂ ಎರಡು ರೂಪ. ಎಡಗೈ ಬಲಗೈಗಳ ಹಾಗೆ ಒಂದು ಇನ್ನೊಂದರ ಕನ್ನಡಿ ಬಿಂಬ. ಪ್ರಯೋಗಾಲಯದಲ್ಲಿ ಸುಮ್ಮನೆ ತಯಾರಿಸಿದರೆ ಎರಡೂ ಸಮಸಮ ಸಿಗುತ್ತವೆ. ಜೀವ ಮಾತ್ರ ಹಾಗಲ್ಲ. ಬ್ಯಾಕ್ಟೀರಿಯಾದಿಂದ ಮನುಷ್ಯನವರೆಗೆ ಪ್ರೋಟೀನು ಕಟ್ಟಲು ಎಡಗೈಯವೇ ಬೇಕು. ಡಿಎನ್‌ಎಯ ಸಕ್ಕರೆಗೆ ಬಲಗೈ. ಇದು ಆಕಸ್ಮಿಕವೋ ನಿಯಮವೋ? ನಮ್ಮ ಕೈಲಿರುವುದು ಒಂದೇ ಲೋಕದ ಜೀವ, ಹೋಲಿಸಲು ಇನ್ನೊಂದಿಲ್ಲ. ಒಂದು ಸುಳಿವಂತೂ ಇದೆ: 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್ ಬಳಿ ಬಿದ್ದ ಉಲ್ಕಾಶಿಲೆಯ ಕೆಲವು ಅಮೈನೋ ಆಮ್ಲಗಳಲ್ಲಿ ಎಡಗೈಯವು ತುಸು ಹೆಚ್ಚಿವೆ. ಜೀವ ಹುಟ್ಟುವ ಮೊದಲೇ ತಕ್ಕಡಿ ವಾಲಿತ್ತೇನೋ!

ಅವರು "ಬಲ" ಅಂದರೆ ಎಡವೇ ಆಗಬೇಕೆಂಬ ಕಟ್ಟುಪಾಡು ವಿಶ್ವಕ್ಕಿಲ್ಲ ಎಂದಾಯಿತು. "ಎಡ" ಅಂದರೆ ನಾನು ಅವಸರಪಡುವುದಿಲ್ಲ. ನಾಣ್ಯ ಚಿಮ್ಮಿದರೂ ಅರ್ಧ ಸಲ ಹಾಗೇ ಬೀಳುತ್ತದೆ. ಇನ್ನೊಬ್ಬರನ್ನೂ ಮತ್ತೊಬ್ಬರನ್ನೂ ಕೇಳಬೇಕಾಗುತ್ತದೆ.

ಆದರೆ "ಎಡ" ಎಂದರೆ ಯಾವ ಕಡೆ ಎಂದು ಕಂಡಿರದವರಿಗೆ ತಿಳಿಸುವುದು ಹೇಗೆ? ಚಿತ್ರ ಕಳಿಸಿದರೆ ಅವರು ಅದನ್ನು ತಿರುವುಮುರುವಾಗಿ ಜೋಡಿಸಿಕೊಂಡಾರು. 1957ರಲ್ಲಿ ಪ್ರಕಟವಾದ, ಭೌತವಿಜ್ಞಾನಿ ಚಿಯೆನ್-ಷಿಯುಂಗ್ ವೂ ವಿಕಿರಣಶೀಲ ಕೋಬಾಲ್ಟ್-60 ಬಳಸಿ ಮಾಡಿದ ಪ್ರಯೋಗ, ನಿಸರ್ಗವೇ ಎಡಬಲಗಳಲ್ಲಿ ಭೇದ ಮಾಡುತ್ತದೆಂದು ತೋರಿಸಿತು. ಆ ಪ್ರಯೋಗವನ್ನು ಅನ್ಯಲೋಕದವರಿಗೆ ವಿವರಿಸಿ ಎಡವನ್ನು ಗುರುತಿಸಿಕೊಡಬಹುದು. ನಮ್ಮ ಕಸುಬಿನಲ್ಲಿ ಅದಕ್ಕಿಂತ ಹತ್ತಿರದ ದಾರಿಯಿದೆ. ರೇಡಿಯೋ ಅಲೆಯನ್ನು ತಿರುಪಿನ ಹಾಗೆ ಸುರುಳಿಯಾಗಿ ಕಳಿಸಬಹುದು. ಇದಕ್ಕೆ ವೃತ್ತೀಯ ಧ್ರುವೀಕರಣ ಎನ್ನುತ್ತೇವೆ. ಸುರುಳಿಯಾಗದೆ ಒಂದೇ ನೇರದಲ್ಲಿ ಕಂಪಿಸುವ ಅಲೆಯದ್ದು ರೇಖೀಯ ಧ್ರುವೀಕರಣ. ನಕ್ಷತ್ರಗಳ ನಡುವಿನ ಕಾಂತಕ್ಷೇತ್ರ ಅದರ ದಿಕ್ಕನ್ನು ಹೊರಳಿಸುತ್ತದೆ, ಆದರೆ ಎಡಸುರುಳಿಯನ್ನು ಬಲಸುರುಳಿ ಮಾಡುವುದಿಲ್ಲ. ಎಡಸುರುಳಿಯ ಅಲೆಯಲ್ಲೇ ನಮ್ಮ ಅಣುವಿನ ಚಿತ್ರ ಕಳಿಸೋಣ, ಅದರ ಎಡಬಲಗಳನ್ನು ಈ ಸುರುಳಿಗೇ ಕಟ್ಟಿ. ಉತ್ತರಿಸಲು ಅವರಿಗೆ ಒಂದು ಅಕ್ಷರವೂ ಬೇಡ. ಅದೇ ಸುರುಳಿಯಲ್ಲಿ ಅಲೆ ಮರಳಿದರೆ "ನಾವೂ ನಿಮ್ಮ ಹಾಗೇ". ಎದುರು ಸುರುಳಿಯಲ್ಲಿ ಬಂದರೆ "ನಾವು ಬಲಗೈಯವರು".