28ನೇ ವಾರದಲ್ಲಿ ಮಗು ಬ್ರೀಚ್: ಮಲಗಿದ್ದಲ್ಲೇ ಮಗ್ಗುಲು ಬದಲಿಸಿದ್ದಕ್ಕೆ ಹೀಗಾಯಿತಾ?

ಪ್ರಶ್ನೆ: ಮೇಡಂ, ನನಗೀಗ 28 ವಾರ. ಸ್ಕ್ಯಾನ್ ರಿಪೋರ್ಟಿನಲ್ಲಿ ಬ್ರೀಚ್ ಅಂತ, ಅಂದರೆ ಮಗುವಿನ ತಲೆ ಮೇಲಿದೆ ಅಂತ ಬರೆದಿದ್ದಾರೆ. ರಾತ್ರಿ ಎದ್ದು ಕೂರದೆ ಮಲಗಿದ್ದಲ್ಲೇ ಮಗ್ಗುಲು ಬದಲಿಸಿದ್ದಕ್ಕೆ ಮಗು ತಿರುಗಿಬಿಟ್ಟಿದೆ ಅಂತ ಮನೆಯವರು ಹೇಳುತ್ತಿದ್ದಾರೆ. ಈಗ ನಾನೇನು ಮಾಡಲಿ?

ಇಲ್ಲ, ನಿಮ್ಮಿಂದ ಆಗಿದ್ದಲ್ಲ. ಈಗ ನೀವು ಏನೂ ಮಾಡಬೇಕಾಗಿಲ್ಲ. ಚೆಕಪ್‌ಗಳನ್ನು ತಪ್ಪಿಸಬೇಡಿ, 36ನೇ ವಾರದ ಹೊತ್ತಿಗೆ ಮಗು ಹೇಗಿದೆ ಅಂತ ಮತ್ತೆ ನೋಡಿಸಿ. ಅಷ್ಟೇ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಒಬ್ಬರು 24 ವಾರ ಅಂತಾರೆ, ಇನ್ನೊಬ್ಬರು 31 ಅಂತಾರೆ, ಆದರೆ "ನಾನೇನು ತಪ್ಪು ಮಾಡಿದೆ" ಅನ್ನುವ ಮಾತು ಮಾತ್ರ ಎಲ್ಲರದ್ದೂ ಒಂದೇ. ನನಗೆ ಬೇಸರವಾಗುವುದೂ ಅದಕ್ಕೇ. ಮಗು ಯಾವ ಕಡೆ ತಿರುಗಿದೆ ಅನ್ನುವುದು ಬರೀ ಒಂದು ಮಾಹಿತಿ. ಅದನ್ನು ತಾಯಿಯ ಮೇಲಿನ ದೂರು ಮಾಡಿಬಿಡುತ್ತಾರೆ.

28ನೇ ವಾರದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮಗು ಬ್ರೀಚ್ ಆಗಿಯೇ ಇರುತ್ತದೆ, ಅಂದರೆ ಕುಂಡೆ ಅಥವಾ ಕಾಲು ಕೆಳಗೆ, ತಲೆ ಮೇಲೆ. ದಿನ ತುಂಬುವ ಹೊತ್ತಿಗೆ ಹಾಗೆ ಉಳಿಯುವುದು 100ರಲ್ಲಿ 3-4 ಮಾತ್ರ. ಉಳಿದವು ಯಾರೂ ಏನೂ ಮಾಡದೆ ತಾವಾಗಿಯೇ ತಿರುಗಿರುತ್ತವೆ. ಹಾಗಾಗಿ ಈಗಿನ ರಿಪೋರ್ಟಿನಲ್ಲಿರುವ ಬ್ರೀಚ್ ಅನ್ನುವ ಪದ ಸ್ಕ್ಯಾನ್ ಮಾಡಿದ ಆ ಹತ್ತು ನಿಮಿಷದ ಸುದ್ದಿ. ಸಂಜೆಯ ಹೊತ್ತಿಗೆ ಮಗು ಬೇರೆ ಕಡೆ ತಿರುಗಿರಬಹುದು.

ಇನ್ನೊಂದು ಗೊಂದಲವೂ ಇದೆ. ನಮ್ಮ ಮಾತಿನಲ್ಲಿ ತಲೆಕೆಳಗಾಯಿತು ಅಂದರೆ ಕೆಟ್ಟಿತು ಅಂತ ಅರ್ಥ ಅಲ್ವಾ? ಹಾಗಾಗಿ ರಿಪೋರ್ಟಿನಲ್ಲಿ ಸೆಫಾಲಿಕ್ ಅಂತ ಇದ್ದು, "ತಲೆ ಕೆಳಗಿದೆ" ಅಂತ ಡಾಕ್ಟರ್ ಹೇಳಿದಾಗಲೂ ಮಗು ಉಲ್ಟಾ ಆಗಿದೆ ಅಂತ ಅಳುತ್ತಾ ಬಂದವರಿದ್ದಾರೆ. ಹೊಟ್ಟೆಯೊಳಗೆ ತಲೆ ಕೆಳಗಿರುವುದೇ ಸರಿ. ಗರ್ಭಕೋಶದ ಮೇಲ್ಭಾಗ ಅಗಲ, ಕೆಳಭಾಗ ಕಿರಿದು. ಮಗುವಿನ ಕುಂಡೆ ಮತ್ತು ಮಡಚಿದ ಕಾಲುಗಳು ಒಟ್ಟಿಗೆ ಸೇರಿದರೆ ತಲೆಗಿಂತ ಜಾಸ್ತಿ ಜಾಗ ಬೇಕು. ಮಗು ಬೆಳೆದು ಜಾಗ ಸಾಲದಾದಾಗ ದಪ್ಪ ಭಾಗ ಅಗಲವಾದ ಕಡೆಗೆ ಹೋಗುತ್ತದೆ, ತಲೆ ಕೆಳಗೆ ಬಂದು ಕೂರುತ್ತದೆ. 28ನೇ ವಾರದಲ್ಲಿ ಮಗು ಇನ್ನೂ ಒಂದು ಕೆಜಿ ಆಸುಪಾಸು, ಸುತ್ತಲೂ ಬೇಕಾದಷ್ಟು ನೀರು. ಅದಕ್ಕೆ ಇನ್ನೂ ಒಂದೇ ಕಡೆ ಕೂರುವ ಅಗತ್ಯವೇ ಬಂದಿಲ್ಲ.

ಈಗ ಮಗ್ಗುಲಿನ ವಿಷಯಕ್ಕೆ ಬರೋಣ. ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಒಂದು ಸಾಲಿನಲ್ಲಿ "ಅದು ಸುಳ್ಳು" ಅಂದರೆ ಯಾರೂ ನಂಬುವುದಿಲ್ಲ.

ನೀವು ಮಗ್ಗುಲು ಬದಲಿಸಿದಾಗ ಗರ್ಭಕೋಶ, ಅದರೊಳಗಿನ ನೀರು, ಮಗು, ಎಲ್ಲವೂ ನಿಮ್ಮ ಜೊತೆಗೇ ತಿರುಗುತ್ತವೆ. ಮಗು ನಿಮ್ಮೊಳಗೆ ಲಾಗ ಹಾಕುವುದು ತನ್ನದೇ ಕಾಲಿನ ಬಲದಿಂದ. ಗೋಡೆಗೆ ಒದ್ದು, ಬೆನ್ನು ಬಗ್ಗಿಸಿ, ನೀರಿನಲ್ಲಿ ತೇಲುತ್ತಾ ತಿರುಗುತ್ತದೆ. ನಿದ್ದೆಯಲ್ಲಿ ಮನುಷ್ಯರೆಲ್ಲ ಗೊತ್ತಿಲ್ಲದೇ ಎಷ್ಟೋ ಸಲ ಹೊರಳುತ್ತಾರೆ, ಬಸುರಿಯರೂ ಹೊರಳುತ್ತಾರೆ. ಅದರಿಂದಲೇ ಮಗು ತಿರುಗುವುದಾದರೆ ದಿನ ತುಂಬುವಾಗ 100ರಲ್ಲಿ 96 ಮಕ್ಕಳ ತಲೆ ಕೆಳಗೆ ಇರುತ್ತಿತ್ತಾ?

ಅವಳಿ ಮಕ್ಕಳನ್ನು ನೋಡಿ. ಒಬ್ಬಳೇ ತಾಯಿ, ಒಂದೇ ಹೊಟ್ಟೆ, ಅದೇ ಹಾಸಿಗೆ, ಅದೇ ಮಗ್ಗುಲು. ಆದರೂ ಹೆರಿಗೆಯ ಹೊತ್ತಿಗೆ ಎರಡೂ ಮಕ್ಕಳ ತಲೆ ಕೆಳಗಿರುವುದು ಅರ್ಧಕ್ಕಿಂತ ಕಡಿಮೆ ಅವಳಿಗಳಲ್ಲಿ. ಒಂದರ ತಲೆ ಕೆಳಗೆ, ಇನ್ನೊಂದು ಬ್ರೀಚ್, ಇದು ತುಂಬಾ ಸಾಮಾನ್ಯ. ತಾಯಿ ಮಲಗುವ ರೀತಿಯೇ ಕಾರಣ ಅನ್ನುವವರು ಇದಕ್ಕೇನು ಹೇಳುತ್ತಾರೆ?

ಇದಕ್ಕಿಂತ ಗಟ್ಟಿ ಸಾಕ್ಷಿ ಇನ್ನೊಂದಿದೆ. 36-37 ವಾರಕ್ಕೂ ಮಗು ಬ್ರೀಚ್ ಆಗಿಯೇ ಇದ್ದರೆ ಅನುಭವಿ ಡಾಕ್ಟರುಗಳು ಹೊಟ್ಟೆಯ ಮೇಲಿಂದ ಕೈಯಿಂದ ಒತ್ತಿ ಮಗುವನ್ನು ತಿರುಗಿಸುತ್ತಾರೆ. ಎಕ್ಸ್‌ಟರ್ನಲ್ ಸೆಫಾಲಿಕ್ ವರ್ಷನ್, ಚಿಕ್ಕದಾಗಿ ಇಸಿವಿ ಅನ್ನುತ್ತಾರೆ. ಗರ್ಭಕೋಶ ಸಡಿಲವಾಗಲಿ ಅಂತ ಎಷ್ಟೋ ಸಲ ಔಷಧಿಯನ್ನೂ ಕೊಡುತ್ತಾರೆ, ಸ್ಕ್ಯಾನ್ ನೋಡುತ್ತಾ, ಮಗುವಿನ ಎದೆಬಡಿತ ನೋಡುತ್ತಾ, ತಿರುಗಿಸಲೇಬೇಕು ಅಂತ ಎರಡೂ ಕೈ ಹಾಕಿ ತಳ್ಳುತ್ತಾರೆ. ಅಷ್ಟೆಲ್ಲ ಮಾಡಿದರೂ ಮಗು ತಿರುಗುವುದು ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ. ಹೀಗಿರುವಾಗ ನೀವು ಎಡದಿಂದ ಬಲಕ್ಕೆ ಹೊರಳಿದ್ದು, ಕೈ ಎತ್ತಿ ಬಟ್ಟೆ ಒಣಹಾಕಿದ್ದು, ಮೆಟ್ಟಿಲು ಹತ್ತಿದ್ದು, ಇವೆಲ್ಲ ಮಗುವನ್ನು ತಿರುಗಿಸಿಬಿಡುತ್ತವಾ?

ಹಾಗೆ ಹೊರಳಿದರೆ ಹೊಕ್ಕುಳ ಬಳ್ಳಿ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ ಅನ್ನುವುದೂ ಇದೇ ಜಾತಿಯ ಮಾತು. ಬಳ್ಳಿ ಸುಮಾರು 50-60 ಸೆಂಟಿಮೀಟರ್ ಉದ್ದ. ಆಡುವ ಮಗುವಿಗೆ ಅದು ಸುತ್ತಿಕೊಳ್ಳುವುದೂ ಉಂಟು, ಬಿಟ್ಟುಕೊಳ್ಳುವುದೂ ಉಂಟು. ಹುಟ್ಟುವಾಗ ನಾಲ್ಕೈದರಲ್ಲಿ ಒಂದು ಮಗುವಿಗೆ ಬಳ್ಳಿ ಕುತ್ತಿಗೆಯ ಸುತ್ತ ಇರುತ್ತದೆ, ಹೆಚ್ಚಿನ ಸಲ ಹೆರಿಗೆ ಮಾಡಿಸುವವರು ಬೆರಳಿನಿಂದ ಸರಿಸಿ ಬಿಡಿಸುತ್ತಾರೆ. ಹೊಟ್ಟೆಯೊಳಗೆ ಮಗು ಗಂಟಲಿನಿಂದ ಉಸಿರಾಡುವುದೂ ಇಲ್ಲ.

ಮಗ್ಗುಲಾಗಿ ಮಲಗಿ ಅಂತ ಡಾಕ್ಟರ್ ಹೇಳುವುದು ನಿಜ, ಆದರೆ ಅದರ ಕಾರಣ ಬೇರೆ. ಕೊನೆಯ ಮೂರು ತಿಂಗಳಲ್ಲಿ ಅಂಗಾತ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳಗಳ ಮೇಲೆ ಬಿದ್ದು ಮಗುವಿಗೆ ಹೋಗುವ ರಕ್ತ ಕಡಿಮೆಯಾಗಬಹುದು. ಎಡವಾದರೂ ಸರಿ, ಬಲವಾದರೂ ಸರಿ. ಮಧ್ಯರಾತ್ರಿ ಎಚ್ಚರವಾದಾಗ ಅಂಗಾತ ಇದ್ದರೆ ಗಾಬರಿ ಬೇಡ, ಮಗ್ಗುಲಾಗಿ ಮತ್ತೆ ನಿದ್ದೆ ಮಾಡಿ.

ಹಾಗಾದರೆ ಕೆಲವು ಮಕ್ಕಳು ಯಾಕೆ ಕೊನೆಯವರೆಗೂ ಬ್ರೀಚ್ ಆಗಿ ಉಳಿಯುತ್ತವೆ? ಪ್ಲಾಸೆಂಟಾ ಕೆಳಗೆ ಅಂಟಿಕೊಂಡಿರಬಹುದು, ಫೈಬ್ರಾಯ್ಡ್ ಗಡ್ಡೆ ಇರಬಹುದು, ಗರ್ಭಕೋಶದ ಆಕಾರ ಹುಟ್ಟಿನಿಂದಲೇ ಬೇರೆ ಇರಬಹುದು, ನೀರು ತೀರಾ ಜಾಸ್ತಿ ಅಥವಾ ತೀರಾ ಕಡಿಮೆ ಇರಬಹುದು. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಮಂಡಿಯೂರಿ ಸೊಂಟ ಮೇಲೆತ್ತಿ ಮಲಗುವಂಥ ವ್ಯಾಯಾಮಗಳಿಂದ ಮಗು ತಿರುಗುತ್ತದೆ ಅನ್ನುವುದಕ್ಕೂ ಗಟ್ಟಿ ಸಾಕ್ಷಿ ಇಲ್ಲ. ಅದನ್ನು ಮಾಡಿಯೂ ತಿರುಗದಿದ್ದರೆ ಅದಕ್ಕೂ ನಿಮ್ಮನ್ನೇ ದೂರಿಕೊಳ್ಳಬೇಡಿ, ದಯವಿಟ್ಟು.

36 ವಾರ ದಾಟಿದ ಮೇಲೂ ಬ್ರೀಚ್ ಇದ್ದರೆ ಡಾಕ್ಟರ್ ಹತ್ತಿರ ಮೂರು ವಿಷಯ ಕೇಳಿ: ನನಗೆ ಇಸಿವಿ ಮಾಡಬಹುದಾ, ಸಿಸೇರಿಯನ್ ಯಾವಾಗ, ನಾರ್ಮಲ್ ಹೆರಿಗೆ ಸಾಧ್ಯವಾ. 2000ದಲ್ಲಿ ಪ್ರಕಟವಾದ ಟರ್ಮ್ ಬ್ರೀಚ್ ಟ್ರಯಲ್ ಅನ್ನುವ ದೊಡ್ಡ ಅಧ್ಯಯನದ ನಂತರ ಹೆಚ್ಚಿನ ಕಡೆ ಸಿಸೇರಿಯನ್ನೇ ರೂಢಿಯಾಯಿತು. ಬ್ರೀಚ್ ಹೆರಿಗೆ ಮಾಡಿಸಿ ಕೈ ಪಳಗಿದವರು ಇರುವ ಕಡೆ, ಎಲ್ಲ ಕೂಡಿಬಂದರೆ, ನಾರ್ಮಲ್ ಕೂಡ ಸಾಧ್ಯ. ಒಂದು ಮಾತು ಮಾತ್ರ ಮರೆಯಬೇಡಿ. ಮಗು ಬ್ರೀಚ್ ಅಥವಾ ಅಡ್ಡ ಇದ್ದು ನೀರು ಹೋದರೆ, ನೋವು ಬರಲಿ ಅಂತ ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಬಳ್ಳಿ ಮಗುವಿಗಿಂತ ಮೊದಲು ಕೆಳಗೆ ಜಾರುವ ಅಪಾಯ ಇರುತ್ತದೆ.

ಇನ್ನು ಯಾರೂ ನನ್ನನ್ನು ಕೇಳದ ಒಂದು ವಿಷಯ. ಹುಟ್ಟುವವರೆಗೆ ಮಗುವಿನ ತಲೆ ಎಲ್ಲಿದೆ ಅಂತ ಇಷ್ಟು ಚಿಂತೆ ಮಾಡುವವರು ಹುಟ್ಟಿದ ಮೇಲೆ ಅದರ ಸೊಂಟದ ಕೀಲು ನೋಡಿಸುವುದನ್ನು ಮರೆತುಬಿಡುತ್ತಾರೆ. ಕೊನೆಯ ವಾರಗಳಲ್ಲಿ ಬ್ರೀಚ್ ಆಗಿದ್ದ ಮಕ್ಕಳಿಗೆ ತೊಡೆಮೂಳೆಯ ತಲೆ ಸೊಂಟದ ಗುಳಿಯಲ್ಲಿ ಸರಿಯಾಗಿ ಕೂರದಿರುವ ತೊಂದರೆ ಉಳಿದವರಿಗಿಂತ ಜಾಸ್ತಿ, ಅದರಲ್ಲೂ ಹೆಣ್ಣು ಮಕ್ಕಳಿಗೆ. ಸಿಸೇರಿಯನ್ ಆಗಿದ್ದರೂ ನೋಡಿಸಬೇಕು, ಇಸಿವಿ ಮಾಡಿ ತಿರುಗಿಸಿದ್ದರೂ ನೋಡಿಸಬೇಕು. ಮಗುವಿಗೆ ಆರು ವಾರದ ಸುಮಾರಿಗೆ ಸೊಂಟದ ಅಲ್ಟ್ರಾಸೌಂಡ್ ಮಾಡಿದರೆ ಗೊತ್ತಾಗುತ್ತದೆ. ಬೇಗ ಸಿಕ್ಕಿದರೆ ಮೆತ್ತನೆಯ ಪಟ್ಟಿ ಕಟ್ಟಿ ಕೆಲವು ವಾರಗಳಲ್ಲಿ ಸರಿಪಡಿಸಬಹುದು. ನಡೆಯಲು ಶುರು ಮಾಡಿದ ಮೇಲೆ ಗೊತ್ತಾದರೆ ಆಪರೇಷನ್‌ವರೆಗೂ ಹೋಗಬೇಕಾಗಬಹುದು. ಮಗುವನ್ನು ಬಟ್ಟೆಯಲ್ಲಿ ಸುತ್ತುವಾಗ ಕಾಲು ನೇರ ಮಾಡಿ ಬಿಗಿಯಬೇಡಿ, ಮಂಡಿ ಮಡಚಿ ತೊಡೆ ಅಗಲಿಸುವಷ್ಟು ಜಾಗ ಬಿಡಿ. ಡಿಸ್ಚಾರ್ಜ್ ಆಗುವಾಗ ಮಗುವಿನ ಕಾರ್ಡಿನಲ್ಲಿ ಬ್ರೀಚ್ ಅಂತ ಬರೆದಿದ್ದಾರಾ ನೋಡಿ. ಬರೆದಿಲ್ಲದಿದ್ದರೆ ಬರೆಸಿಕೊಳ್ಳಿ, ಮಕ್ಕಳ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ.