ಸಿನಿಮಾ ಸೆಟ್ಟಿನ ಕೆಲಸ ಕಲಿಸಲು ಹಣ ಎಲ್ಲಿಂದ: ಅಮೆರಿಕದ ಕಮ್ಯುನಿಟಿ ಕಾಲೇಜುಗಳ ಅಲ್ಪಾವಧಿ ತರಬೇತಿ

ಅಮೆರಿಕದ ಕಮ್ಯುನಿಟಿ ಕಾಲೇಜುಗಳು ಎರಡು ವರ್ಷದ ಪದವಿಯ ಜೊತೆಗೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಮುಗಿಯುವ ವೃತ್ತಿ ತರಬೇತಿಗಳನ್ನೂ ನಡೆಸುತ್ತವೆ. ಚಲನಚಿತ್ರ ನಿರ್ಮಾಣದಲ್ಲಿ ಇಂಥ ತರಬೇತಿ ಇರುವುದು ನಿರ್ದೇಶಕರಾಗಬೇಕೆನ್ನುವವರಿಗಲ್ಲ. ಲೈಟು ಹೊಂದಿಸುವವರು, ಕ್ಯಾಮೆರಾ ಚಲಿಸುವ ಹಳಿ ಹಾಸುವ ಗ್ರಿಪ್‌ಗಳು, ಸೆಟ್ ಕಟ್ಟುವ ಬಡಗಿಗಳು, ಪ್ರೊಡಕ್ಷನ್ ಅಸಿಸ್ಟೆಂಟ್‌ಗಳು ಇದರಿಂದ ತಯಾರಾಗುತ್ತಾರೆ. ಇದಕ್ಕೆ ಹಣ ಒದಗಿಸುವ ಬಗೆಯನ್ನು ಓದುವಾಗ ಎರಡು ಖರ್ಚುಗಳನ್ನು ಬೇರೆಯಾಗಿ ನೋಡಬೇಕು. ಒಂದು ಕಾಲೇಜಿನ ಶುಲ್ಕ, ಇನ್ನೊಂದು ಕಲಿಯುವ ಅವಧಿಯ ಜೀವನ ನಿರ್ವಹಣೆ. ಚರ್ಚೆಯೆಲ್ಲ ಹೆಚ್ಚಾಗಿ ಶುಲ್ಕದ ಸುತ್ತ ನಡೆಯುತ್ತದೆಯಾದರೂ, ವಿದ್ಯಾರ್ಥಿ ಈ ವೃತ್ತಿಯಲ್ಲಿ ನಿಲ್ಲುತ್ತಾನೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಎರಡನೆಯ ಖರ್ಚು ಎಂಬುದು ನನ್ನ ಅಭಿಪ್ರಾಯ.

ಮೊದಲು ಶುಲ್ಕದ ವಿಚಾರ. ಕಡಿಮೆ ಆದಾಯದ ಕುಟುಂಬಗಳ ವಿದ್ಯಾರ್ಥಿಗಳಿಗೆ ಅಲ್ಲಿನ ಕೇಂದ್ರ ಸರ್ಕಾರ ಕೊಡುವ, ಹಿಂದಿರುಗಿಸಬೇಕಿಲ್ಲದ ನೆರವಿಗೆ ಪೆಲ್ ಗ್ರ್ಯಾಂಟ್ ಎಂದು ಹೆಸರು. 2025–26ರಲ್ಲಿ ಇದರ ಗರಿಷ್ಠ ಮೊತ್ತ ವರ್ಷಕ್ಕೆ 7,395 ಡಾಲರ್. ಆದರೆ ಗಂಟೆಗಳ ಲೆಕ್ಕದಲ್ಲಿ ನಡೆಯುವ ತರಬೇತಿಗೆ ಈ ನೆರವು ಸಿಗಬೇಕಾದರೆ ಅದು ಕನಿಷ್ಠ 15 ವಾರಗಳದ್ದೂ 600 ಗಂಟೆಗಳದ್ದೂ ಆಗಿರಬೇಕೆಂಬ ನಿಯಮವಿದ್ದುದರಿಂದ, ಎಂಟು ಹತ್ತು ವಾರಗಳ ತರಬೇತಿಗಳು ಇಷ್ಟು ವರ್ಷ ಹೊರಗೇ ಉಳಿದಿದ್ದವು. 2025ರ ಜುಲೈಯಲ್ಲಿ ಅಂಗೀಕಾರವಾದ ಕಾನೂನು ಈ ಕೊರತೆಯನ್ನು ತುಂಬಲೆಂದು ವರ್ಕ್‌ಫೋರ್ಸ್ ಪೆಲ್ ಎಂಬ ಹೊಸ ಬಗೆಯನ್ನು ಸೇರಿಸಿತು. 2026ರ ಜುಲೈ 1ರಿಂದ ಅನ್ವಯಿಸುವಂತೆ, 8 ವಾರಕ್ಕೆ ಕಡಿಮೆಯಿಲ್ಲದ, 15 ವಾರಕ್ಕಿಂತ ಕಿರಿದಾದ, 150ರಿಂದ 599 ಗಂಟೆಗಳ ತರಬೇತಿಗಳು ಇದರ ವ್ಯಾಪ್ತಿಗೆ ಬರುತ್ತವೆ. ನೆರವಿನ ಮೊತ್ತ ಗಂಟೆಗಳ ಪ್ರಮಾಣಕ್ಕೆ ತಕ್ಕಂತೆ ಇಳಿಯುತ್ತದೆ. ಪೆಲ್‌ನ ಸಾಮಾನ್ಯ ಲೆಕ್ಕದಲ್ಲಿ ಒಂದು ಶೈಕ್ಷಣಿಕ ವರ್ಷವೆಂದರೆ 900 ಗಂಟೆ. ಆದ್ದರಿಂದ ಹತ್ತು ವಾರಗಳ 300 ಗಂಟೆಯ ತರಬೇತಿಗೆ ಗರಿಷ್ಠ ಮೊತ್ತದ ಮೂರನೆಯ ಒಂದು ಭಾಗ, ಎಂದರೆ ಸುಮಾರು 2,465 ಡಾಲರ್ ದೊರೆಯಬಹುದು. ಶುಲ್ಕಕ್ಕೆ ಇದು ಒಳ್ಳೆಯ ಆಸರೆಯಾದರೂ ಹತ್ತು ವಾರದ ಮನೆಬಾಡಿಗೆಗೆ ಸಾಲುವುದಿಲ್ಲ.

ಈ ಕಾನೂನಿನ ಷರತ್ತುಗಳನ್ನು ಸಿನಿಮಾ ಕ್ಷೇತ್ರಕ್ಕೆ ಹಚ್ಚಿ ನೋಡಿದಾಗ ನಿಜವಾದ ತೊಡಕು ಕಾಣುತ್ತದೆ. ಸೇರಿದವರಲ್ಲಿ ಕನಿಷ್ಠ ಶೇ. 70ರಷ್ಟು ಜನ ತರಬೇತಿ ಮುಗಿಸಿರಬೇಕು, ಮುಗಿಸಿದವರಲ್ಲಿ ಶೇ. 70ರಷ್ಟು ಜನ 180 ದಿನಗಳ ನಂತರ ಉದ್ಯೋಗದಲ್ಲಿರಬೇಕು. ವೆಲ್ಡಿಂಗ್ ಅಥವಾ ನರ್ಸಿಂಗ್ ಸಹಾಯಕರ ತರಬೇತಿಗೆ ಇದು ಒಪ್ಪುವ ಅಳತೆ. ಆದರೆ ಸಿನಿಮಾದ ಕೆಲಸ ಒಂದು ಶೂಟಿಂಗ್ ಮುಗಿದ ಕೂಡಲೇ ಮುಗಿಯುತ್ತದೆ, ಮುಂದಿನದು ಯಾವಾಗ ಶುರುವಾಗುತ್ತದೆ ಎಂಬುದು ವಿದ್ಯಾರ್ಥಿಯ ಕೈಯಲ್ಲೂ ಇಲ್ಲ, ಕಾಲೇಜಿನ ಕೈಯಲ್ಲೂ ಇಲ್ಲ. 2023ರ ವರ್ಷವನ್ನೇ ನೋಡೋಣ. ಹಾಲಿವುಡ್ ಬರಹಗಾರರ ಮುಷ್ಕರ ಮೇ 2ರಂದು ಆರಂಭವಾಯಿತು, ಜುಲೈ 14ರಂದು ನಟರೂ ಮುಷ್ಕರಕ್ಕೆ ಇಳಿದರು, ನಟರ ಮುಷ್ಕರ ನಿಂತದ್ದು ನವೆಂಬರ್ 9ರಂದು. ಆ ಮೇ ತಿಂಗಳ ಆರಂಭದಲ್ಲಿ ತರಬೇತಿ ಮುಗಿಸಿದ ವಿದ್ಯಾರ್ಥಿಯ 180 ದಿನಗಳು ಬಹುಮಟ್ಟಿಗೆ ಮುಷ್ಕರದೊಳಗೇ ಕಳೆದುಹೋಗುತ್ತಿದ್ದವು. ಎಷ್ಟೇ ಚೆನ್ನಾಗಿ ಕಲಿಸಿದ ಕಾಲೇಜೂ ಅಂಥ ವರ್ಷದಲ್ಲಿ ಈ ಅಳತೆಯಲ್ಲಿ ಸೋಲುವ ಸಾಧ್ಯತೆಯಿರುವುದರಿಂದ, ಸಿನಿಮಾ ತರಬೇತಿಯನ್ನು ಕೇವಲ ಕೇಂದ್ರದ ಹಣದ ಮೇಲೆ ಕಟ್ಟುವುದು ಅಪಾಯಕರ.

ಜಾರ್ಜಿಯಾ ರಾಜ್ಯದ ದಾರಿ ಬೇರೆ. ಅಲ್ಲಿ 2008ರ ಕಾನೂನು ನಿರ್ಮಾಣ ವೆಚ್ಚದ ಶೇ. 20ರಷ್ಟನ್ನು, ರಾಜ್ಯದ ಲಾಂಛನವನ್ನು ತೋರಿಸಿದರೆ ಇನ್ನೂ ಶೇ. 10ರಷ್ಟನ್ನು ತೆರಿಗೆಯಲ್ಲಿ ಬಿಟ್ಟುಕೊಟ್ಟಿತು. ಶೂಟಿಂಗ್‌ಗಳು ಹರಿದುಬಂದವು, ಆದರೆ ನುರಿತ ಕೆಲಸಗಾರರು ಸಾಕಷ್ಟು ಇರಲಿಲ್ಲ. 2015ರಲ್ಲಿ ಸ್ಥಾಪನೆಯಾದ ಜಾರ್ಜಿಯಾ ಫಿಲ್ಮ್ ಅಕಾಡೆಮಿ ರಾಜ್ಯದ ವಿಶ್ವವಿದ್ಯಾಲಯಗಳ ಮತ್ತು ತಾಂತ್ರಿಕ ಕಾಲೇಜುಗಳ ಮೂಲಕ 18 ಕ್ರೆಡಿಟ್‌ಗಳ ಸರ್ಟಿಫಿಕೇಟ್ ನೀಡತೊಡಗಿತು. ತಾಂತ್ರಿಕ ಕಾಲೇಜುಗಳ ಸರ್ಟಿಫಿಕೇಟ್ ವಿದ್ಯಾರ್ಥಿಗಳಿಗೆ ಲಾಟರಿಯ ಆದಾಯದಿಂದ ನಡೆಯುವ ಹೋಪ್ ಗ್ರ್ಯಾಂಟ್ ಮೊದಲಿನಿಂದಲೂ ಇತ್ತು. ಉದ್ಯಮವನ್ನು ಕರೆತಂದ ಸರ್ಕಾರವೇ ಅದಕ್ಕೆ ಬೇಕಾದ ಜನರನ್ನು ತಯಾರು ಮಾಡುವ ಹೊಣೆಯನ್ನೂ ಹೊತ್ತದ್ದು ಇಲ್ಲಿ ಮೆಚ್ಚಬೇಕಾದ ಸಂಗತಿ. ಆದರೂ ಇದು ಮುಖ್ಯವಾಗಿ ಶುಲ್ಕದ ಪ್ರಶ್ನೆಗೆ ಸಿಕ್ಕ ಉತ್ತರ.

ಕಲಿಯುವ ಅವಧಿಯ ಜೀವನ ನಿರ್ವಹಣೆಗೆ ಬೇಕಾದ ಕೂಲಿಯ ಪ್ರಶ್ನೆಗೆ ಕೇಂದ್ರದ 2014ರ ಉದ್ಯೋಗ ತರಬೇತಿ ಕಾನೂನಿನಲ್ಲಿ ಒಂದು ದಾರಿಯಿದೆ. ಕೆಲಸ ಮಾಡಿಸುತ್ತಲೇ ಕಲಿಸುವ ಮಾಲೀಕರಿಗೆ ಕಲಿಯುವವರ ಕೂಲಿಯ ಅರ್ಧದವರೆಗೆ, ಕೆಲವು ಸಂದರ್ಭಗಳಲ್ಲಿ ಶೇ. 75ರವರೆಗೆ, ಸ್ಥಳೀಯ ಉದ್ಯೋಗ ಮಂಡಳಿ ಮರಳಿಸಬಹುದು. ಈ ವ್ಯವಸ್ಥೆ ಕಲಿತವರನ್ನು ಮುಂದೆಯೂ ಉಳಿಸಿಕೊಳ್ಳುವ ಮಾಲೀಕರನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಸಿನಿಮಾದ ಮಾಲೀಕರೆಂದರೆ ಹಲವು ವೇಳೆ ಆ ಒಂದು ಚಿತ್ರಕ್ಕಾಗಿ ಹುಟ್ಟಿ, ಚಿತ್ರ ಮುಗಿದ ಮೇಲೆ ಇಲ್ಲವಾಗುವ ಕಂಪನಿ.

ನ್ಯೂ ಮೆಕ್ಸಿಕೋ ಇದನ್ನು ಅರಿತು ಗಂಟೆಗಳನ್ನೇ ಅಳತೆಯಾಗಿ ತೆಗೆದುಕೊಂಡಿತು. ಅಲ್ಲಿನ ರಾಜ್ಯ ಚಲನಚಿತ್ರ ಕಚೇರಿಯ ಫಿಲ್ಮ್ ಕ್ರೂ ಅಡ್ವಾನ್ಸ್‌ಮೆಂಟ್ ಪ್ರೋಗ್ರಾಂ ಎಂಬ ಯೋಜನೆಯಲ್ಲಿ, ರಾಜ್ಯದ ನಿವಾಸಿಯೊಬ್ಬರಿಗೆ ವಿಶೇಷ ಕೌಶಲದ ಹುದ್ದೆಯಲ್ಲಿ ಕೆಲಸ ಕಲಿಸುವ ನಿರ್ಮಾಣ ಕಂಪನಿಗೆ, ಅವರು ದುಡಿದ 1,040 ಗಂಟೆಗಳವರೆಗಿನ ಕೂಲಿಯ ಶೇ. 50ರಷ್ಟು ಮರಳಿ ಸಿಗುತ್ತದೆ. ವಾರಕ್ಕೆ 40 ಗಂಟೆಯ ಲೆಕ್ಕದಲ್ಲಿ ಇದು 26 ವಾರ. ಸೆಟ್ಟಿನಲ್ಲಿ ದಿನಕ್ಕೆ 12 ಗಂಟೆಯಂತೆ ವಾರಕ್ಕೆ ಐದು ದಿನ ದುಡಿದರೆ ಹದಿನೇಳು ಹದಿನೆಂಟು ವಾರಗಳಲ್ಲೇ ಮುಗಿಯುತ್ತದೆ. ಕಲಿಯುವವರ ಕೈಗೆ ಪೂರ್ತಿ ಕೂಲಿ ಸೇರುತ್ತದೆ, ಹೊಸಬರನ್ನು ತೆಗೆದುಕೊಳ್ಳುವ ಕಂಪನಿಯ ಹಿಂಜರಿಕೆಯೂ ತಗ್ಗುತ್ತದೆ. ಕಾಯಂ ನೌಕರಿ ಸಿಕ್ಕಿತೇ ಎಂದು ಕೇಳುವ ಬದಲು ಎಷ್ಟು ಗಂಟೆ ಕೆಲಸ ಕಲಿತರು ಎಂದು ಕೇಳುವ ಈ ಅಳತೆ ಸಿನಿಮಾದ ಸ್ವಭಾವಕ್ಕೆ ಹೊಂದುತ್ತದೆ.

ಆದರೆ ಈ ನೆರವು ಆರಂಭವಾಗುವುದು ವಿದ್ಯಾರ್ಥಿಗೆ ಸೆಟ್ಟಿನಿಂದ ಕರೆ ಬಂದ ಮೇಲೆ. ಕರೆ ಬರುವ ಮುನ್ನ ಅವನಿಗೆ ವಿದ್ಯುತ್ ಸುರಕ್ಷತೆ, ಎತ್ತರದಲ್ಲಿ ಕೆಲಸ ಮಾಡುವ ಕ್ರಮ, ಉಪಕರಣಗಳ ಹೆಸರು, ಸೆಟ್ಟಿನ ಶಿಸ್ತು ಗೊತ್ತಿರಬೇಕು. ಗ್ಲೌಸು, ಗಟ್ಟಿ ಬೂಟು, ಕೈಯುಪಕರಣಗಳು ಇರಬೇಕು. ಬೆಳಗಿನ ಜಾವ ಊರಾಚೆಯ ಶೂಟಿಂಗ್ ಸ್ಥಳವನ್ನು ತಲುಪಲು ವಾಹನ ಬೇಕು. ಕಾಲೇಜುಗಳು ಬರೆಯುವ ಅನುದಾನದ ಅರ್ಜಿಯಲ್ಲಿ ಈ ವಸ್ತುಗಳಿಗೂ ಪ್ರಯಾಣಕ್ಕೂ ಬೇರೆಯೇ ಬಾಬತ್ತು ಇದೆಯೇ ಎಂಬುದನ್ನು ನಾವು ಮೊದಲು ಹುಡುಕಬೇಕು, ಏಕೆಂದರೆ ಪೆಲ್‌ನ ಹಣ ಶುಲ್ಕಕ್ಕೇ ಮುಗಿದಾಗ ಮತ್ತು ಕೂಲಿಯ ಮರುಪಾವತಿ ಇನ್ನೂ ಶುರುವಾಗದಿದ್ದಾಗ ನಡುವೆ ಉಳಿಯುವ ಆ ಕೆಲವು ವಾರಗಳ ಖರ್ಚು ಬಡ ವಿದ್ಯಾರ್ಥಿಯ ಹೆಗಲ ಮೇಲೇ ಬೀಳುತ್ತದೆ.