ಕಾಮಾಲೆ ಕೇಸ್: ಆರ್ ಅನುಪಾತ ಕೈಕೊಡುವ ಜಾಗ

ಕಣ್ಣಿನ ಬಿಳಿಭಾಗವನ್ನು ಹಗಲು ಬೆಳಕಲ್ಲೇ ನೋಡಿ. ವಾರ್ಡಿನ ಬಲ್ಬಿನಡಿ ರಕ್ತದ ಡೆಸಿಲೀಟರಿಗೆ 3 ಮಿ.ಗ್ರಾಂ ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಹಳದಿ ವಸ್ತು) ಸುಲಭವಾಗಿ ತಪ್ಪಿಹೋಗುತ್ತದೆ. ಚರ್ಮ ಹಳದಿ, ಕಣ್ಣು ಬೆಳ್ಳಗೆ ಇದ್ದರೆ ಕ್ಯಾರೆಟ್, ಪಪ್ಪಾಯ ಎಷ್ಟು ತಿನ್ನುತ್ತಾರೆ ಎಂದು ಕೇಳಿ.

ಆಮೇಲೆ ಮೂತ್ರ. ಡೈರೆಕ್ಟ್ ಬಿಲಿರುಬಿನ್, ಅಂದರೆ ಲಿವರ್ ಸಂಸ್ಕರಿಸಿದ್ದು, ನೀರಲ್ಲಿ ಕರಗಿ ಮೂತ್ರಕ್ಕೆ ಇಳಿಯುತ್ತದೆ. ಇನ್‌ಡೈರೆಕ್ಟ್, ಅಂದರೆ ಇನ್ನೂ ಸಂಸ್ಕರಿಸದ್ದು, ರಕ್ತದ ಆಲ್ಬುಮಿನ್ ಪ್ರೋಟೀನ್‌ಗೆ ಅಂಟಿಕೊಂಡಿರುವುದರಿಂದ ಇಳಿಯದು. ಕಣ್ಣು ಹಳದಿಯಾಗಿದ್ದೂ ಡಿಪ್‌ಸ್ಟಿಕ್‌ನಲ್ಲಿ (ಮೂತ್ರಕ್ಕೆ ಅದ್ದುವ ಪರೀಕ್ಷಾ ಪಟ್ಟಿ) ಬಿಲಿರುಬಿನ್ ಇಲ್ಲವೆಂದರೆ ಹಿಮೋಲಿಸಿಸ್ (ಕೆಂಪು ರಕ್ತಕಣ ಒಡೆಯುವುದು) ಅಥವಾ ಗಿಲ್ಬರ್ಟ್ (ಹುಟ್ಟಿನಿಂದ ಬರುವ, ತೊಂದರೆ ಕೊಡದ ಸಣ್ಣ ದೋಷ). ಹಿಮೋಲಿಸಿಸ್ ಒಂದೇ 5 ಮಿ.ಗ್ರಾಂ ದಾಟಿಸುವುದು ಅಪರೂಪ. ದಾಟಿದರೆ ಲಿವರ್‌ನಲ್ಲೂ ಏನೋ ಇದೆ.

ಈಗ ಆರ್, ಪೆಟ್ಟು ಲಿವರ್ ಕೋಶಕ್ಕೋ ಪಿತ್ತದ ಹರಿವಿಗೋ ಎಂದು ಹೇಳುವ ಅನುಪಾತ. ಎಎಲ್‌ಟಿ, ಎಎಲ್‌ಪಿ ರಕ್ತದಲ್ಲಿ ಅಳೆಯುವ ಎರಡು ಕಿಣ್ವಗಳು. ಎಎಲ್‌ಟಿಯನ್ನು ಅದರ ಗರಿಷ್ಠ ನಾರ್ಮಲ್‌ನಿಂದ ಭಾಗಿಸಿ, ಎಎಲ್‌ಪಿಯನ್ನು ಅದರದ್ದರಿಂದ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 5 ಅಥವಾ ಹೆಚ್ಚಾದರೆ ಲಿವರ್ ಕೋಶದ ಪೆಟ್ಟು, 2 ಅಥವಾ ಕಡಿಮೆಯಾದರೆ ಪಿತ್ತದ ತಡೆ, ನಡುವಿನದು ಮಿಶ್ರ. ಎಡವುವುದು ರಿಪೋರ್ಟಿನ ಅಂಕಿಗಳನ್ನೇ ನೇರ ಭಾಗಿಸಿದಾಗ. ಎಎಲ್‌ಟಿ 480, ಎಎಲ್‌ಪಿ 160 ಎಂದುಕೊಳ್ಳಿ. ನೇರ ಭಾಗಿಸಿದರೆ 3, ಅಂದರೆ ಮಿಶ್ರ. ಲ್ಯಾಬಿನ ಮಿತಿ 40 ಮತ್ತು 120 ಆಗಿದ್ದರೆ 12 ಭಾಗಿಸು 1.33, ಅಂದರೆ 9. ಕಥೆಯೇ ಬೇರೆ.

ಲೆಕ್ಕ ಸರಿಯಿದ್ದೂ ಉತ್ತರ ತಪ್ಪುವುದು ಪಿತ್ತನಾಳದ ಕಲ್ಲಿನಲ್ಲಿ, ಅದೂ ಮೊದಲ 24–48 ಗಂಟೆಯಲ್ಲಿ. ನಾಳದಲ್ಲಿ ಒತ್ತಡ ಏರಿದ ಕೂಡಲೇ ಕೋಶದೊಳಗೆ ಇದ್ದ ಎಎಲ್‌ಟಿ ಸೋರುತ್ತದೆ. ಎಎಲ್‌ಪಿ ಹಾಗಲ್ಲ, ಅದು ಹೊಸದಾಗಿ ತಯಾರಾಗಬೇಕು. ಹಾಗಾಗಿ ಮೊದಲ ದಿನ ಎಎಲ್‌ಟಿ 600, ಎಎಲ್‌ಪಿ 130: ಆರ್ ಸುಮಾರು 14, ಥೇಟ್ ವೈರಲ್ ಹೆಪಟೈಟಿಸ್. ಮೂರನೇ ದಿನ 180 ಮತ್ತು 360: ಆರ್ 1.5. ವೈರಲ್‌ನಲ್ಲಿ ಎಎಲ್‌ಟಿ ಇಷ್ಟು ಬೇಗ ಕುಸಿಯುವುದಿಲ್ಲ. ಆದ್ದರಿಂದ ಹಳದಿಗೂ ಮೊದಲು ಬಲಪಕ್ಕೆಯ ಕೆಳಗೆ ಹಿಡಿದಂಥ ನೋವು ಬಂದಿತ್ತೇ ಕೇಳಿ, ಎರಡು ದಿನ ಬಿಟ್ಟು ಎಲ್‌ಎಫ್‌ಟಿ (ಲಿವರ್‌ನ ರಕ್ತಪರೀಕ್ಷೆ) ಮತ್ತೆ ಮಾಡಿಸಿ. ಅಲ್ಟ್ರಾಸೌಂಡ್ ಸ್ಕ್ಯಾನ್ ನಾರ್ಮಲ್ ಬಂತೆಂದು ಕಲ್ಲನ್ನು ಕೈಬಿಡಬೇಡಿ: ನಾಳ ಇನ್ನೂ ಹಿಗ್ಗಿರುವುದಿಲ್ಲ, ಅದರ ಕೆಳತುದಿ ಕರುಳಿನ ಗ್ಯಾಸ್ ಹಿಂದೆ ಮರೆಯಾಗಿರುತ್ತದೆ. ಅನುಮಾನ ಉಳಿದರೆ ಎಂಆರ್‌ಸಿಪಿ (ಪಿತ್ತನಾಳದ ಎಂಆರ್‌ಐ). ಚಳಿಜ್ವರವೂ ಸೇರಿದರೆ ಕೊಲಾಂಜೈಟಿಸ್ (ಪಿತ್ತನಾಳದ ಸೋಂಕು) ಎಂದೇ ಹಿಡಿದು ಆಂಟಿಬಯೋಟಿಕ್ ಶುರುಮಾಡಿ, ಆರ್ ಆಮೇಲೆ.

ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಗದ್ದೆ ಕೆಲಸದವರು ಬಂದರೆ ಇಲಿಜ್ವರ ನೆನಪಿರಲಿ. ಬಿಲಿರುಬಿನ್ 15–20, ಎಎಲ್‌ಟಿ 200ರೊಳಗೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಏರಿಕೆ, ಮೀನಖಂಡ ಮುಟ್ಟಿದರೆ ನೋವು. ಇಲ್ಲಿ ಆರ್‌ನಿಂದ ಏನೂ ಪ್ರಯೋಜನವಿಲ್ಲ.

ಮಾತ್ರೆಗಳ ಜೊತೆ ನಾಟಿ ಔಷಧಿಯ ಬಗ್ಗೆಯೂ ಕೇಳಿ, ಬೈಯದೆ ಕೇಳಿ. ಲಿವರ್ ಕೆಡಿಸಬಲ್ಲ ಟಿಬಿ ಮಾತ್ರೆಯಷ್ಟೇ ಅದೂ ಲೆಕ್ಕಕ್ಕೆ ಬರುತ್ತದೆ. ಎಎಸ್‌ಟಿ (ಲಿವರ್‌ನ ಇನ್ನೊಂದು ಕಿಣ್ವ) ಎಎಲ್‌ಟಿಯ ದುಪ್ಪಟ್ಟಿಗಿಂತ ಹೆಚ್ಚಿದ್ದರೆ ಮೊದಲು ಮದ್ಯವನ್ನೇ ಯೋಚಿಸಿ.

ಪಿಟಿ (ರಕ್ತ ಹೆಪ್ಪುಗಟ್ಟುವ ಸಮಯ) ಹೆಚ್ಚಿದ್ದರೆ ವಿಟಮಿನ್ ಕೆ 10 ಮಿ.ಗ್ರಾಂ ನಿಧಾನವಾಗಿ ರಕ್ತನಾಳಕ್ಕೆ ಕೊಟ್ಟು 24 ಗಂಟೆ ಬಿಟ್ಟು ನೋಡಿ. ಸರಿಹೋದರೆ ಪಿತ್ತ ಕರುಳಿಗೆ ತಲುಪದೆ ವಿಟಮಿನ್ ಕೆ ಹೀರಿಕೆಯಾಗುತ್ತಿರಲಿಲ್ಲ ಎಂದರ್ಥ. ಸರಿಹೋಗದೆ, ಐಎನ್‌ಆರ್ (ಪಿಟಿಯನ್ನೇ ನಾರ್ಮಲ್‌ಗೆ ಹೋಲಿಸಿದ ಅಂಕಿ) 1.5 ದಾಟಿ, ರೋಗಿ ಮಂಕಾಗಿ ಮಾತು ತಡವರಿಸಿದರೆ ಕಾರಣ ಹುಡುಕುತ್ತಾ ಕೂರದೆ ಲಿವರ್ ಕಸಿ ಮಾಡುವ ಆಸ್ಪತ್ರೆಗೆ ಕಳಿಸಿ.